ನನ್ನ ಪೇಪರ್‌ನಲ್ಲಿ ತಪ್ಪು ಸಿಕ್ಕಿದೆ, ವಾಪಸ್ ಪಡೆದರೆ ಹೆಸರು ಕೆಡುತ್ತದೆಯೇ?

ಪ್ರಶ್ನೆ: ನಾನು ಪಿಎಚ್‌ಡಿ ಮೂರನೇ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ನನ್ನ ಮೊದಲ ಪೇಪರ್ ಒಂದು ಒಳ್ಳೆಯ ಜರ್ನಲ್‌ನಲ್ಲಿ ಬಂತು. ಈಗ ಅದೇ ಡೇಟಾ ಇಟ್ಟುಕೊಂಡು ಮುಂದಿನ ಕೆಲಸ ಮಾಡುವಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಕೋಡ್‌ನ ಒಂದೇ ಒಂದು ಸಾಲಿನಿಂದ ಕೆಲವು ಸ್ಯಾಂಪಲ್‌ಗಳ ಲೇಬಲ್ ಅದಲುಬದಲಾಗಿದೆ. ಸರಿಮಾಡಿ ಮತ್ತೆ ಓಡಿಸಿದರೆ ಪೇಪರ್‌ನ ಮುಖ್ಯ ಫಲಿತಾಂಶವೇ ಉಳಿಯುವುದಿಲ್ಲ. ಹಿರಿಯ ಸಹಲೇಖಕರೊಬ್ಬರಿಗೆ ತೋರಿಸಿದೆ. "ಯಾರೂ ನೋಡಲ್ಲ, ಸುಮ್ನೆ ಬಿಡು" ಅಂದರು. ಗೈಡ್‌ಗೆ ಇನ್ನೂ ಹೇಳಿಲ್ಲ. ರಿಟ್ರ್ಯಾಕ್ಟ್ ಆದ (ವಾಪಸ್ ಪಡೆದ) ಪೇಪರ್ ಅಂದರೆ ಮೋಸದ ಪೇಪರ್ ಅಂತಲೇ ಎಲ್ಲರೂ ತಿಳಿಯುತ್ತಾರಲ್ಲವೇ? ನಾನು ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಗೈಡ್‌ಗೆ ತಿಳಿಸಿ, ಜರ್ನಲ್‌ಗೆ ಬರೆಯಿರಿ, ಪೇಪರನ್ನು ಹಿಂಪಡೆಯಿರಿ. ತಪ್ಪನ್ನು ಕಂಡುಹಿಡಿದವರು ನೀವೇ, ಹೇಳುತ್ತಿರುವವರೂ ನೀವೇ. ಈ ಎರಡು ಸಂಗತಿ ನಿಮ್ಮ ಕಡೆಗೇ ನಿಲ್ಲುತ್ತವೆ. ಇದು ಬರೀ ಸಮಾಧಾನದ ಮಾತಾಗಬಾರದು ಅಂತ ಕಾರಣಗಳನ್ನೂ ಬರೆಯುತ್ತಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ.

ರಿಟ್ರ್ಯಾಕ್ಷನ್ ಅಂದರೆ ಪೇಪರನ್ನು ಅಳಿಸಿಹಾಕುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪೇಪರ್ ಎಲ್ಲಿಗೂ ಹೋಗುವುದಿಲ್ಲ. ಇದ್ದ ಜಾಗದಲ್ಲೇ ಇರುತ್ತದೆ. ಅದರ ಶೀರ್ಷಿಕೆಯ ಮುಂದೆ ಹಿಂಪಡೆಯಲಾಗಿದೆ ಎಂಬ ಮಾತು ಸೇರುತ್ತದೆ. ಸಾಮಾನ್ಯವಾಗಿ ಪುಟಗಳ ಮೇಲೂ ಅದೇ ಮುದ್ರೆ ಬೀಳುತ್ತದೆ. ಯಾಕೆ ಹಿಂಪಡೆದರು, ಯಾರು ಕೇಳಿದರು ಎಂದು ತಿಳಿಸುವ ಒಂದು ಪ್ರಕಟಣೆ ಬೇರೆಯಾಗಿ ಬರುತ್ತದೆ. ಈ ಪೇಪರ್ ನಂಬಿ ಮುಂದೆ ಹೋಗಬೇಡಿ ಅಂತ ದಾರಿಯಲ್ಲಿ ಬರುವವರಿಗೆ ಹಾಕುವ ಫಲಕ ಅದು.

ಎಲ್ಲ ತಪ್ಪಿಗೂ ಈ ಫಲಕ ಬೇಕಾಗುವುದಿಲ್ಲ. ಒಂದು ಕೋಷ್ಟಕದಲ್ಲಿ ಅಂಕಿ ತಪ್ಪಾಗಿದ್ದು, ಪೇಪರ್‌ನ ತೀರ್ಮಾನ ಹಾಗೇ ನಿಂತರೆ ಒಂದು ತಿದ್ದುಪಡಿ ಸಾಕು. ಏನೋ ಅನುಮಾನ ಬಂದಿದೆ, ವಿಚಾರಣೆ ಇನ್ನೂ ನಡೆಯುತ್ತಿದೆ ಅಂತಾದರೆ ಸಂಪಾದಕರು ಕಳವಳ ವ್ಯಕ್ತಪಡಿಸುವ ಒಂದು ಸೂಚನೆ ಹಾಕುತ್ತಾರೆ. ಮುಖ್ಯ ಫಲಿತಾಂಶವನ್ನೇ ನಂಬುವಂತಿಲ್ಲ ಎಂದಾಗ ಮಾತ್ರ ಪೂರ್ತಿ ಹಿಂಪಡೆಯುವುದು. ನೀವು ಹೇಳಿದ ಪ್ರಕಾರ ನಿಮ್ಮದು ಈ ಮೂರನೆಯ ಸಾಲಿಗೆ ಸೇರುತ್ತದೆ.

ಜರ್ನಲ್ ಸಂಪಾದಕರು ಇಂಥ ವಿಷಯದಲ್ಲಿ ಕೋಪ್ (ಪ್ರಕಟಣಾ ನೀತಿ ಸಮಿತಿ) ಎಂಬ ಸಂಸ್ಥೆಯ ಮಾರ್ಗಸೂಚಿ ನೋಡುತ್ತಾರೆ. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಜರ್ನಲ್ ಸಂಪಾದಕರು ಸೇರಿ ಕಟ್ಟಿದ್ದು ಇದು. ಇವತ್ತು ಸಾವಿರಾರು ಜರ್ನಲ್‌ಗಳು ಅದರ ಸದಸ್ಯರು. ಫಲಿತಾಂಶ ನಂಬಲು ಯೋಗ್ಯವಲ್ಲ ಎಂಬುದು ಸ್ಪಷ್ಟವಾದರೆ ಹಿಂಪಡೆಯಿರಿ, ಕಾರಣ ಮೋಸವಾಗಿರಲಿ, ಪ್ರಾಮಾಣಿಕ ತಪ್ಪಾಗಿರಲಿ ಅನ್ನುತ್ತದೆ ಆ ಮಾರ್ಗಸೂಚಿ. ಮುಖ್ಯ ಉದ್ದೇಶ ದಾಖಲೆ ಸರಿಪಡಿಸುವುದು, ಲೇಖಕರನ್ನು ಶಿಕ್ಷಿಸುವುದಲ್ಲ ಅಂತಲೂ ಅದು ಹೇಳುತ್ತದೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಜನರ ಮನಸ್ಸಿನಲ್ಲಿ ಮಾತ್ರ ಹಾಗಿಲ್ಲ. ನಿಮ್ಮ ಭಯಕ್ಕೆ ಕಾರಣ ಅದೇ.

ಆ ಭಯ ಎಲ್ಲಿಂದ ಬಂತು ಅಂತ ಮುಚ್ಚುಮರೆ ಇಲ್ಲದೆ ನೋಡೋಣ. 2012ರಲ್ಲಿ ಮೂವರು ವಿಜ್ಞಾನಿಗಳು ಹಿಂಪಡೆದ 2,047 ಜೀವವೈದ್ಯಕೀಯ ಪೇಪರ್‌ಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಸುಮಾರು 67% ಪೇಪರ್‌ಗಳ ಹಿಂದೆ ಸುಳ್ಳು ಡೇಟಾ, ಕಳ್ಳನಕಲು, ಒಂದೇ ಪೇಪರನ್ನು ಎರಡು ಕಡೆ ಹಾಕುವುದು ಇಂಥ ಅಡ್ಡದಾರಿಗಳಿದ್ದವು. ಪ್ರಾಮಾಣಿಕ ತಪ್ಪಿನಿಂದ ಹೋದವು ಸುಮಾರು 21%. ಹಾಗಾಗಿ ರಿಟ್ರ್ಯಾಕ್ಷನ್ ಅಂದ ಕೂಡಲೇ ಜನ ಮೋಸ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ 21%ರ ಒಳಗೂ ನೂರಾರು ಪೇಪರ್‌ಗಳಿವೆ. ಅವುಗಳ ಹಿಂದೆ ನಿಮ್ಮ ಹಾಗೇ ನಿದ್ದೆಗೆಟ್ಟವರಿದ್ದಾರೆ.

ನಿಮ್ಮ ಕಥೆಗೆ ತೀರಾ ಹತ್ತಿರದ್ದು ಒಂದಿದೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯಲ್ಲಿ ಜೆಫ್ರಿ ಚಾಂಗ್ ಅಂತ ಒಬ್ಬ ಯುವ ವಿಜ್ಞಾನಿ ಇದ್ದರು. ಜೀವಕೋಶದ ಪೊರೆಯಲ್ಲಿ ಕೂತಿರುವ ಪ್ರೋಟೀನ್‌ಗಳ ಆಕಾರ ಕಂಡುಹಿಡಿಯುವುದು ಅವರ ಕೆಲಸ. ತುಂಬಾ ಕಷ್ಟದ ಕೆಲಸ. 2001ರಲ್ಲಿ ಅವರ ಪೇಪರ್ ಸೈನ್ಸ್ ಎಂಬ ಹೆಸರಾಂತ ಜರ್ನಲ್‌ನಲ್ಲಿ ಬಂತು. ಹೆಸರು ಬಂತು, ಪ್ರಶಸ್ತಿ ಬಂತು, ಮುಂದೆ ಅದೇ ದಾರಿಯಲ್ಲಿ ಇನ್ನಷ್ಟು ಪೇಪರ್‌ಗಳೂ ಬಂದವು. 2006ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ತಂಡ ಅದೇ ಬಗೆಯ ಇನ್ನೊಂದು ಪ್ರೋಟೀನ್‌ನ ಆಕಾರ ಪ್ರಕಟಿಸಿತು. ಎರಡೂ ತಾಳೆಯಾಗಲೇ ಇಲ್ಲ. ಚಾಂಗ್ ತಮ್ಮ ಕೆಲಸವನ್ನು ಮತ್ತೆ ಕೆದಕಿದರು. ಪ್ರಯೋಗಾಲಯದಲ್ಲಿ ಬಳಸುತ್ತಿದ್ದ ಒಂದು ಸಣ್ಣ ಪ್ರೋಗ್ರಾಂ ಡೇಟಾದ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ಅಷ್ಟೇ. ಅದರಿಂದ ಇಡೀ ಆಕಾರವೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಹೋಗಿತ್ತು. ಐದು ಪೇಪರ್‌ಗಳನ್ನು ಹಿಂಪಡೆಯಬೇಕಾಯಿತು. ಅದರಲ್ಲಿ ಮೂರು ಸೈನ್ಸ್‌ನಲ್ಲಿ ಬಂದವು.

ಚಾಂಗ್ ಅವರನ್ನು ಯಾರೂ ಮೋಸಗಾರ ಅನ್ನಲಿಲ್ಲ. ಅವರು ಕೆಲಸ ಮುಂದುವರಿಸಿದರು. ಆದರೆ ಇದೇ ಕಥೆಯಲ್ಲಿ ಇನ್ನೊಂದು ಭಾಗವಿದೆ, ಅದನ್ನು ನಿಮ್ಮ ಸಹಲೇಖಕರಿಗೆ ಓದಿಸಬೇಕು. ಆ ಪೇಪರ್‌ಗಳು ಚಾಲ್ತಿಯಲ್ಲಿದ್ದ ಐದು ವರ್ಷಗಳಲ್ಲಿ ಬೇರೆ ಪ್ರಯೋಗಾಲಯದವರು ಸರಿಯಾದ ಫಲಿತಾಂಶ ಪಡೆದೂ ಅದನ್ನು ಪ್ರಕಟಿಸಲು ಪರದಾಡಿದರು. ಅವರ ಅಂಕಿಗಳು ಚಾಂಗ್ ತೋರಿಸಿದ ಆಕಾರಕ್ಕೆ ಹೊಂದುತ್ತಿರಲಿಲ್ಲ, ಹಾಗಾಗಿ ರಿವ್ಯೂ ಮಾಡುವವರು, ಅಂದರೆ ಪ್ರಕಟವಾಗುವ ಮುಂಚೆ ಪೇಪರ್ ಪರಿಶೀಲಿಸುವ ಅದೇ ಕ್ಷೇತ್ರದ ತಜ್ಞರು, ಅನುಮಾನದಿಂದ ನೋಡಿದರು. ಒಂದು ತಪ್ಪು ಪೇಪರ್ ತನ್ನಷ್ಟಕ್ಕೆ ತಾನು ಬಿದ್ದಿರುವುದಿಲ್ಲ. ಸರಿಯಾಗಿ ಕೆಲಸ ಮಾಡಿದವರ ದಾರಿಗೂ ಅಡ್ಡ ನಿಲ್ಲುತ್ತದೆ. "ಯಾರೂ ನೋಡಲ್ಲ" ಎಂಬ ಮಾತಿಗೆ ನನ್ನ ಮೊದಲ ಉತ್ತರ ಇದು. ನೋಡುವವರು ಇರುತ್ತಾರೆ. ಎಲ್ಲೋ ಒಬ್ಬ ವಿದ್ಯಾರ್ಥಿ ನಿಮ್ಮ ಫಲಿತಾಂಶವನ್ನು ಮತ್ತೆ ಪಡೆಯಲು ಆರು ತಿಂಗಳು ಹೆಣಗಿ, ತಪ್ಪು ತನ್ನದೇ ಅಂದುಕೊಂಡು ಕೂತಿರಬಹುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಮೇಲಾ ರೊನಾಲ್ಡ್ ಅವರ ವಿಷಯ ಇನ್ನೂ ಚೆನ್ನಾಗಿದೆ. ಭತ್ತದ ಗಿಡಕ್ಕೆ ರೋಗ ತರುವ ಬ್ಯಾಕ್ಟೀರಿಯವನ್ನು ಗಿಡ ಹೇಗೆ ಗುರುತಿಸುತ್ತದೆ ಎಂಬುದು ಅವರ ಸಂಶೋಧನೆ. ಇಂಥದೇ ಅಣುವನ್ನು ಗಿಡ ಗುರುತಿಸುತ್ತದೆ ಅಂತ 2009ರಲ್ಲಿ ಸೈನ್ಸ್‌ನಲ್ಲಿ ಪ್ರಕಟಿಸಿದರು. ಆಮೇಲೆ ಪ್ರಯೋಗಾಲಯಕ್ಕೆ ಹೊಸಬರು ಬಂದರು. ಅವರ ಕೈಯಲ್ಲಿ ಆ ಪ್ರಯೋಗ ಮತ್ತೆ ಬರಲಿಲ್ಲ. ಹುಡುಕಿದಾಗ ಕೆಲವು ಬ್ಯಾಕ್ಟೀರಿಯ ತಳಿಗಳ ಲೇಬಲ್ ತಪ್ಪಾಗಿದ್ದು ಗೊತ್ತಾಯಿತು. ರೊನಾಲ್ಡ್ ತಾವೇ ಬಹಿರಂಗವಾಗಿ ಹೇಳಿದರು. 2013ರಲ್ಲಿ ಪೇಪರ್ ಹಿಂಪಡೆದರು. ಅಲ್ಲಿಗೇ ಬಿಡಲಿಲ್ಲ. ಹುಡುಕಾಟ ಮುಂದುವರಿಸಿ, ಗಿಡ ನಿಜವಾಗಿ ಗುರುತಿಸುವ ಅಣು ಯಾವುದು ಅಂತ 2015ರಲ್ಲಿ ಅವರ ತಂಡವೇ ಪ್ರಕಟಿಸಿತು. ತಪ್ಪನ್ನು ಮುಚ್ಚಿಟ್ಟಿದ್ದರೆ ಆ ಎರಡನೇ ಪೇಪರ್ ಬರುತ್ತಿತ್ತೇ? ಹಳೆಯದನ್ನು ಕಾಪಾಡುವುದರಲ್ಲೇ ದಿನ ಹೋಗುತ್ತಿತ್ತು.

ರಸಾಯನಶಾಸ್ತ್ರದಲ್ಲಿ 2018ರ ನೊಬೆಲ್ ಪಡೆದ ಫ್ರಾನ್ಸೆಸ್ ಆರ್ನಾಲ್ಡ್ ಕೂಡ 2020ರ ಜನವರಿಯಲ್ಲಿ ತಮ್ಮ ಹೊಸ ಪೇಪರ್ ಒಂದನ್ನು ಹಿಂಪಡೆದರು. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಲ್ಯಾಬ್ ನೋಟ್‌ಬುಕ್‌ನಲ್ಲಿ ಇರಬೇಕಾದ ದಾಖಲೆಗಳೂ ಇರಲಿಲ್ಲ. ಆ ಕೆಲಸದ ಮೇಲೆ ತಾನು ಸರಿಯಾಗಿ ಗಮನ ಕೊಡಲಿಲ್ಲ ಅಂತ ಟ್ವಿಟರ್‌ನಲ್ಲಿ ಎಲ್ಲರೆದುರು ಕ್ಷಮೆ ಕೇಳಿದರು. ಜನ ಮೆಚ್ಚಿಕೊಂಡರು. ನೊಬೆಲ್ ಬಂದವರಿಗೆ ಇದು ಸುಲಭ, ನನ್ನಂಥ ವಿದ್ಯಾರ್ಥಿಗೆ ಹಾಗಲ್ಲ ಅಂತ ನಿಮಗೆ ಅನ್ನಿಸಬಹುದು. ಆ ಮಾತಿನಲ್ಲಿ ಸತ್ಯವಿದೆ, ಒಪ್ಪುತ್ತೇನೆ.

ಅದಕ್ಕೇ ಅಂಕಿಗಳನ್ನೂ ನೋಡೋಣ. ಪೇಪರ್ ಹಿಂಪಡೆದವರ ಹಳೆಯ ಪೇಪರ್‌ಗಳಿಗೆ ಬರುವ ಸೈಟೇಷನ್ (ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಮಾಡುವ ಉಲ್ಲೇಖ) ಏನಾಗುತ್ತದೆ ಅಂತ 2013ರಲ್ಲಿ ಒಂದು ಅಧ್ಯಯನ ನಡೆಯಿತು. ಬೇರೆಯವರು ತಪ್ಪು ಹಿಡಿದು ಪೇಪರ್ ವಾಪಸಾದಾಗ, ಆ ಲೇಖಕರ ಹಿಂದಿನ ಕೆಲಸಕ್ಕೂ ಸೈಟೇಷನ್ ಕಡಿಮೆಯಾಗಿತ್ತು. ಲೇಖಕರೇ ಮುಂದೆ ಬಂದು ತಪ್ಪು ತಿಳಿಸಿದ ಕಡೆ ಆ ನಷ್ಟ ಕಾಣಲಿಲ್ಲ. ಅಂದರೆ ಓದುವ ವಿಜ್ಞಾನಿಗಳು ಎರಡನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ಹೊರಗೆ ಹಬ್ಬಿರುವ ಭಯಕ್ಕಿಂತ ಒಳಗಿನ ಜನರ ವಿವೇಕ ಜಾಸ್ತಿ ಇದೆ.

ಈಗ ಮೋಸದ ಕಡೆಗೂ ಸ್ವಲ್ಪ ಹೋಗಬೇಕು. ಯಾಕೆಂದರೆ ಸುಮ್ಮನಿರುವುದರಿಂದ ಏನಾಗುತ್ತದೆ ಎಂಬುದು ಅಲ್ಲೇ ಚೆನ್ನಾಗಿ ಕಾಣುತ್ತದೆ.

ಜರ್ಮನಿಯಲ್ಲಿ ಯೋಆಖಿಮ್ ಬೋಲ್ಟ್ ಎಂಬ ಅರಿವಳಿಕೆ ತಜ್ಞರಿದ್ದರು. ರಕ್ತಸ್ರಾವವಾದ ರೋಗಿಗಳಿಗೆ ಪಿಷ್ಟದಿಂದ ಮಾಡಿದ ಒಂದು ದ್ರವವನ್ನು ಡ್ರಿಪ್‌ನಲ್ಲಿ ಕೊಡುವುದರ ಬಗ್ಗೆ ರಾಶಿ ರಾಶಿ ಪೇಪರ್ ಬರೆದಿದ್ದರು. 2009ರಲ್ಲಿ ಬಂದ ಅವರ ಒಂದು ಪೇಪರ್‌ನ ಅಂಕಿಗಳು ಯಾಕೋ ತುಂಬಾ ನಯವಾಗಿವೆ ಅಂತ ಕೆಲವು ಓದುಗರು ಸಂಪಾದಕರಿಗೆ ಬರೆದರು. ವಿಚಾರಣೆ ಶುರುವಾಯಿತು. ಒಂದರ ಹಿಂದೆ ಒಂದು ಬಿದ್ದವು. ಇವತ್ತಿಗೆ ಅವರ 200ಕ್ಕೂ ಹೆಚ್ಚು ಪೇಪರ್‌ಗಳು ವಾಪಸಾಗಿವೆ. ಸಂಖ್ಯೆಗಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು. 2013ರಲ್ಲಿ ಆ ದ್ರವದ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದರು. ಬೋಲ್ಟ್ ಅವರ ಪ್ರಯೋಗಗಳನ್ನು ಹೊರಗಿಟ್ಟಾಗ, ಆ ದ್ರವ ಪಡೆದ ತೀವ್ರ ಅಸ್ವಸ್ಥ ರೋಗಿಗಳಲ್ಲಿ ಸಾವೂ ಜಾಸ್ತಿ, ಕಿಡ್ನಿ ಹಾನಿಯೂ ಜಾಸ್ತಿ ಅಂತ ಸ್ಪಷ್ಟವಾಯಿತು. ಅವರ ಅಂಕಿಗಳು ಸೇರಿದ್ದಾಗ ಅಪಾಯ ಮಸುಕಾಗಿತ್ತು. ಆ ಮಸುಕಿನ ಅಡಿಯಲ್ಲಿ ಎಷ್ಟೋ ಐಸಿಯುಗಳಲ್ಲಿ ವೈದ್ಯರು ಒಳ್ಳೆಯದೇ ಅಂದುಕೊಂಡು ಆ ದ್ರವ ಕೊಡುತ್ತಿದ್ದರು. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಕ್ಷೇತ್ರದಲ್ಲಿ ಜಪಾನಿನ ಯೋಶಿತಾಕ ಫುಜಿಯಿ ಇದ್ದರು. ಅವರ ಅಂಕಿಗಳು ಅನುಮಾನ ಬರುವಷ್ಟು ಚೆನ್ನಾಗಿವೆ ಅಂತ 2000ರಲ್ಲೇ ಒಂದು ಪತ್ರ ಪ್ರಕಟವಾಗಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2012ರಲ್ಲಿ ಬ್ರಿಟನ್ನಿನ ವೈದ್ಯ ಜಾನ್ ಕಾರ್ಲೈಲ್, ಫುಜಿಯಿ ಅವರ 168 ಪ್ರಯೋಗಗಳನ್ನು ಕೂತು ಲೆಕ್ಕ ಹಾಕಿದರು. ರೋಗಿಗಳ ವಯಸ್ಸು, ತೂಕದಂಥ ಸರಳ ಅಂಕಿಗಳು ಗುಂಪಿನಿಂದ ಗುಂಪಿಗೆ ಹಂಚಿಹೋಗಿದ್ದ ರೀತಿ ಚೀಟಿ ಎತ್ತಿ ಹಂಚಿದಾಗ ಬರುವ ರೀತಿ ಇರಲಿಲ್ಲ. ಕೊನೆಗೆ 170ಕ್ಕೂ ಜಾಸ್ತಿ ಪೇಪರ್‌ಗಳಲ್ಲಿ ಡೇಟಾ ಕಟ್ಟುಕಥೆ ಅಂತ ತೀರ್ಮಾನವಾಯಿತು. ಮೊದಲ ಪತ್ರದಿಂದ ಅಲ್ಲಿಗೆ 12 ವರ್ಷ.

12 ಅನ್ನುವ ಅಂಕಿ ಇನ್ನೊಂದು ಕಡೆಯೂ ಬರುತ್ತದೆ. ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧವಿದೆ ಅನ್ನುವಂತೆ ಬರೆದಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪೇಪರ್ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬಂದದ್ದು 1998ರಲ್ಲಿ. ಬರೀ 12 ಮಕ್ಕಳ ಮೇಲೆ ಮಾಡಿದ್ದು. ಪೂರ್ತಿ ಹಿಂಪಡೆದದ್ದು 2010ರಲ್ಲಿ. ಆ ನಡುವೆ ಲಸಿಕೆಯ ಮೇಲೆ ಹುಟ್ಟಿದ ಹೆದರಿಕೆ ಪೇಪರ್ ವಾಪಸಾದ ಮೇಲೂ ವಾಪಸಾಗಲಿಲ್ಲ. ಹಿಂಪಡೆಯುವ ಕೆಲಸ ಬೇಗ ಆಗುವುದೇ ಇಲ್ಲ ಅಂತಲ್ಲ. 2020ರ ಮೇ 22ರಂದು ಅದೇ ಲ್ಯಾನ್ಸೆಟ್‌ನಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಡುವುದರ ಬಗ್ಗೆ ಒಂದು ಪೇಪರ್ ಬಂತು. 96,000 ರೋಗಿಗಳ ಡೇಟಾ ಅಂತ ಹೇಳಿದ್ದರು. ಡೇಟಾ ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ಅದನ್ನು ಸ್ವತಂತ್ರ ಪರಿಶೀಲನೆಗೆ ಕೊಡಲಿಲ್ಲ. ಜೂನ್ 4ಕ್ಕೆ ಪೇಪರ್ ವಾಪಸ್. 13 ದಿನ. ಅಷ್ಟರೊಳಗೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧದ ಭಾಗವನ್ನು ತಡೆಹಿಡಿದು, ಮತ್ತೆ ಶುರುಮಾಡಿತ್ತು. ಹೊರಗಿನಿಂದ ಕೇಳುವವರು ಇದ್ದರೆ, ಸಂಪಾದಕರು ಕಿವಿಗೊಟ್ಟರೆ ಎಷ್ಟು ಬೇಗ ಆಗಬಹುದು ಅಂತ ಇದರಿಂದ ಗೊತ್ತಾಗುತ್ತದೆ.

"ಪೀರ್ ರಿವ್ಯೂ ಆಗಿತ್ತಲ್ಲ, ಅವರಿಗೂ ಕಾಣಲಿಲ್ಲವಲ್ಲ" ಅಂತ ನಿಮ್ಮ ಸಹಲೇಖಕರು ಹೇಳಬಹುದು. ರಿವ್ಯೂ ಮಾಡುವವರ ಕೈಗೆ ಸಾಮಾನ್ಯವಾಗಿ ಬರುವುದು ಬರೆದ ಪೇಪರ್ ಮಾತ್ರ. ಮೂಲ ಡೇಟಾ, ಕೋಡ್ ಎಷ್ಟೋ ಸಲ ಬರುವುದಿಲ್ಲ. ಬಂದರೂ ಸಾಲು ಸಾಲಾಗಿ ಓಡಿಸಿ ನೋಡುವಷ್ಟು ಸಮಯ ಯಾರಿಗೂ ಇರುವುದಿಲ್ಲ. ನಾನು ಒಪ್ಪಿಗೆ ಕೊಟ್ಟ ಒಂದು ಪೇಪರ್ ಎರಡು ವರ್ಷದ ನಂತರ ವಾಪಸಾಯಿತು. ಮತ್ತೆ ತೆಗೆದು ಓದಿದೆ. ತಪ್ಪು ಇದ್ದದ್ದು ನನಗೆ ಕಳಿಸದ ಫೈಲ್‌ನಲ್ಲಿ. ರಿವ್ಯೂ ನಂಬಿಕೆಯ ಮೇಲೆ ನಿಂತ ಏರ್ಪಾಡು. ಆ ಫೈಲ್ ತೆರೆದು ನೋಡುವವರು ಲೇಖಕರೇ. ಈ ಸಲ ತೆರೆದು ನೋಡಿದವರು ನೀವು.

ಈಚೆಗೆ ರಿಟ್ರ್ಯಾಕ್ಷನ್ ಎಂಬ ಪದಕ್ಕೆ ಇನ್ನಷ್ಟು ಮಸಿ ಹಚ್ಚಿದ್ದು ಪೇಪರ್ ಮಿಲ್‌ಗಳು. ದುಡ್ಡು ತೆಗೆದುಕೊಂಡು ಪೇಪರ್ ತಯಾರಿಸಿ, ಲೇಖಕರ ಜಾಗವನ್ನು ಮಾರುವ ದಂಧೆ ಇದು. 2023ರಲ್ಲಿ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಪೇಪರ್‌ಗಳು ವಾಪಸಾದವು. ಅಲ್ಲಿಯವರೆಗೆ ಯಾವ ವರ್ಷವೂ ಅಷ್ಟಾಗಿರಲಿಲ್ಲ. ಅದರಲ್ಲಿ 8,000ಕ್ಕೂ ಜಾಸ್ತಿ ಒಂದೇ ಪ್ರಕಾಶನದ್ದು, ವೈಲಿ ಕಂಪನಿ 2021ರಲ್ಲಿ ಕೊಂಡಿದ್ದ ಹಿಂದಾವಿಯದು. ವಿಶೇಷ ಸಂಚಿಕೆ ಅಂತ ಹೊರತಂದು, ಅತಿಥಿ ಸಂಪಾದಕರ ಕೈಗೆ ಕೊಟ್ಟ ಕಡೆ ಈ ಮಿಲ್‌ಗಳು ನುಗ್ಗಿದ್ದವು. ಇಂಥ ಪೇಪರ್‌ಗಳನ್ನು ಹಿಡಿಯುವ ಒಂದು ದಾರಿ ಅವುಗಳ ವಿಚಿತ್ರ ಭಾಷೆ. ಕದ್ದ ವಾಕ್ಯ ಸಿಕ್ಕಿಬೀಳಬಾರದು ಅಂತ ಸಾಫ್ಟ್‌ವೇರ್‌ನಿಂದ ಪ್ರತಿ ಪದಕ್ಕೂ ಸಮಾನಾರ್ಥಕ ಪದ ಹಾಕಿಸುತ್ತಾರೆ. ಸ್ತನ ಕ್ಯಾನ್ಸರ್ ಹೋಗಿ "ಎದೆಯ ಗಂಡಾಂತರ" ಆಗುತ್ತದೆ. ಕೃತಕ ಬುದ್ಧಿಮತ್ತೆ "ಖೋಟಾ ಪ್ರಜ್ಞೆ" ಆಗುತ್ತದೆ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜೊತೆಯವರು 2021ರಿಂದ ಇಂಥ ತಿರುಚಿದ ಪದಗಳನ್ನು ಹುಡುಕಿ ಸಾವಿರಾರು ಪೇಪರ್‌ಗಳನ್ನು ಗುರುತಿಸಿದ್ದಾರೆ. ಚಿತ್ರಗಳ ವಿಷಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್ ಮಾಡಿದ್ದೂ ಅಂಥದೇ ಕೆಲಸ. 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಿನಿಂದಲೇ ನೋಡಿ, ಅದರಲ್ಲಿ 3.8%ರಲ್ಲಿ ಒಂದೇ ಚಿತ್ರವನ್ನು ಮತ್ತೆ ಬಳಸಿದಂಥ ತೊಂದರೆಗಳಿವೆ ಅಂತ 2016ರಲ್ಲಿ ತೋರಿಸಿದರು. ಸಂಬಳವಿಲ್ಲದೆ, ಬೆದರಿಕೆ ಎದುರಿಸಿಕೊಂಡು ಈ ಕೆಲಸ ಮಾಡುವವರ ಮೇಲೆ ನನಗೆ ಅಪಾರ ಗೌರವವಿದೆ.

ಇಲ್ಲಿ ನನಗೆ ಬೇಸರವಾಗುವ ಸಂಗತಿ ಒಂದಿದೆ. ಮಿಲ್‌ನಲ್ಲಿ ಹುಟ್ಟಿದ ಪೇಪರ್‌ಗೂ, ನಿಮ್ಮ ಪೇಪರ್‌ಗೂ ಬೀಳುವ ಮುದ್ರೆ ಒಂದೇ. ಪದವೂ ಒಂದೇ. ಎರಡಕ್ಕೂ ಬೇರೆ ಬೇರೆ ಹೆಸರು ಬೇಕು ಅಂತ ಬಹಳ ಜನ ಕೇಳುತ್ತಿದ್ದಾರೆ, ನಾನೂ ಅವರ ಜೊತೆ. ಅದಕ್ಕೆ ಹತ್ತಿರದ ಒಂದು ದಾರಿ ಕೆಲವು ಜರ್ನಲ್‌ಗಳಲ್ಲಿ ಈಗಾಗಲೇ ಇದೆ. ಅಮೆರಿಕದ ಜಾಮಾ ಗುಂಪಿನ ವೈದ್ಯಕೀಯ ಜರ್ನಲ್‌ಗಳು ಪ್ರಾಮಾಣಿಕ ತಪ್ಪು ಇಡೀ ಪೇಪರ್‌ಗೆ ಹರಡಿದ್ದರೆ, ಹಳೆಯದನ್ನು ಹಿಂಪಡೆದು ಅದರ ಜಾಗದಲ್ಲಿ ಸರಿಪಡಿಸಿದ ಪೇಪರನ್ನು ಹಾಕುತ್ತವೆ. ಹೊಸದಕ್ಕೆ ಮತ್ತೆ ರಿವ್ಯೂ ಆಗುತ್ತದೆ. ಸರಿಪಡಿಸಿದ ಫಲಿತಾಂಶದಲ್ಲೂ ಹೇಳಬೇಕಾದ ವಿಜ್ಞಾನ ಉಳಿದಿದ್ದರೆ ಈ ದಾರಿ ಸರಿ. "ಇಂಥ ಪರಿಣಾಮ ಕಾಣಲಿಲ್ಲ" ಎಂಬುದೂ ವಿಜ್ಞಾನವೇ. ನಿಮ್ಮ ಜರ್ನಲ್ ಇದಕ್ಕೆ ಒಪ್ಪುತ್ತದೆಯೇ ಅಂತ ಪತ್ರದಲ್ಲೇ ಕೇಳಿ.

ಈಗ ಕೆಲಸದ ಮಾತಿಗೆ ಬರೋಣ.

ಯಾವ ಫೈಲನ್ನೂ ಅಳಿಸಬೇಡಿ, ಹಳೆಯ ಕೋಡ್‌ನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಡಿ. ತಪ್ಪಿದ್ದ ಕೋಡ್, ಸರಿಪಡಿಸಿದ ಕೋಡ್, ಎರಡರ ಫಲಿತಾಂಶವನ್ನೂ ದಿನಾಂಕ ಹಾಕಿ ಬೇರೆ ಬೇರೆ ಇಡಿ. ಅದಾದ ಮೇಲೆ ನಂಬಿಕೆಯ ಒಬ್ಬರಿಗೆ ಮೂಲ ಡೇಟಾ ಕೊಟ್ಟು, ನಿಮ್ಮ ಕೋಡ್ ತೋರಿಸದೆ, ಅದೇ ಲೆಕ್ಕವನ್ನು ಹೊಸದಾಗಿ ಮಾಡಲು ಹೇಳಿ. ಅವರಿಗೂ ಅದೇ ಉತ್ತರ ಬರಬೇಕು. ತಪ್ಪನ್ನು ಸರಿಪಡಿಸುವಾಗ ಇನ್ನೊಂದು ತಪ್ಪು ನುಗ್ಗುವುದನ್ನು ನಾನು ನೋಡಿದ್ದೇನೆ.

ಆಮೇಲೆ ಗೈಡ್ ಹತ್ತಿರ ಹೋಗಿ. ಇದನ್ನು ತಳ್ಳಬೇಡಿ, ಈ ವಾರವೇ ಮುಗಿಸಿ. ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿ, ಮೊದಲು ಅವರು ನೋಡಲಿ. ಯಾರ ತಪ್ಪು ಎಂಬ ಮಾತು ಆ ದಿನ ಬೇಡ. ಅವರಿಗೂ ಗಾಬರಿಯಾಗುತ್ತದೆ, ಅವರ ಹೆಸರೂ ಅದರ ಮೇಲಿದೆ ಅಲ್ವಾ. ಒಂದೆರಡು ದಿನ ಸಮಯ ಕೊಡಿ. ನನ್ನ ಅನುಭವದಲ್ಲಿ ಹೆಚ್ಚಿನ ಗೈಡ್‌ಗಳು ಮೊದಲ ಆಘಾತ ಇಳಿದ ಮೇಲೆ ವಿದ್ಯಾರ್ಥಿಯ ಜೊತೆಗೇ ನಿಲ್ಲುತ್ತಾರೆ. ನಾನೂ ಚಿಕ್ಕವನಿದ್ದಾಗ ನನ್ನ ಒಂದು ಪೇಪರ್‌ನಲ್ಲಿ ಕೋಷ್ಟಕವೊಂದು ತಪ್ಪಾಗಿತ್ತು. ಗೈಡ್ ಮುಂದೆ ಕೂತಾಗ ಕೈ ನಡುಗುತ್ತಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬರೆಯೋಣ, ಪೆನ್ನು ತೆಗಿ" ಅಂದರು. ನಮ್ಮದಕ್ಕೆ ತಿದ್ದುಪಡಿಯೇ ಸಾಕಾಯಿತು. ಆ ಮಾತು ಮಾತ್ರ ಇವತ್ತಿಗೂ ನನ್ನ ಜೊತೆ ಇದೆ.

ಗೈಡ್ ಒಪ್ಪದಿದ್ದರೆ? ಒಬ್ಬ ಲೇಖಕರಾಗಿ ನೀವೇ ಸಂಪಾದಕರಿಗೆ ಬರೆಯಬಹುದು. ಎಲ್ಲ ಸಹಲೇಖಕರ ಸಹಿ ಬೇಕೇ ಬೇಕು ಅಂತೇನಿಲ್ಲ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನು ಪ್ರಕಟಣೆಯಲ್ಲೇ ಬರೆಯುವ ರೂಢಿ ಇದೆ. ಲೇಖಕರ ಒಪ್ಪಿಗೆಯೇ ಇಲ್ಲದೆ ಸಂಪಾದಕರು ಹಿಂಪಡೆದದ್ದೂ ಉಂಟು. ರಂಜಕದ ಬದಲು ಆರ್ಸೆನಿಕ್ ಬಳಸಿ ಬೆಳೆಯುವ ಬ್ಯಾಕ್ಟೀರಿಯ ಅಂತ 2010ರಲ್ಲಿ ದೊಡ್ಡ ಸುದ್ದಿಯಾಗಿದ್ದ ಪೇಪರನ್ನು ಸೈನ್ಸ್ 2025ರ ಜುಲೈನಲ್ಲಿ ಹಿಂಪಡೆಯಿತು. ಲೇಖಕರು ಒಪ್ಪಲಿಲ್ಲ. ಮೋಸ ಅಂತ ಜರ್ನಲ್ ಹೇಳಲೂ ಇಲ್ಲ. ಪ್ರಯೋಗಗಳು ಆ ತೀರ್ಮಾನವನ್ನು ಹೊರುವುದಿಲ್ಲ ಅಂತಷ್ಟೇ ಹೇಳಿತು. ನಿಮ್ಮ ಸಂಸ್ಥೆಯಲ್ಲಿ ಸಂಶೋಧನಾ ನೀತಿ ನೋಡಿಕೊಳ್ಳುವ ಸಮಿತಿ ಅಥವಾ ಅಧಿಕಾರಿ ಇದ್ದರೆ, ಗೈಡ್ ಜೊತೆ ಮಾತು ಮುರಿದ ಹಂತದಲ್ಲಿ ಅಲ್ಲಿಗೆ ಹೋಗಿ. ಒಬ್ಬರೇ ಹೊರಬೇಡಿ.

ಸಂಪಾದಕರಿಗೆ ಬರೆಯುವ ಪತ್ರ ಒಂದು ಪುಟ ಸಾಕು. ತಪ್ಪು ಎಲ್ಲಿದೆ, ಯಾವಾಗ ಮತ್ತು ಹೇಗೆ ಸಿಕ್ಕಿತು, ಯಾವ ಚಿತ್ರ ಮತ್ತು ಕೋಷ್ಟಕಗಳು ಕೆಟ್ಟಿವೆ, ಯಾವ ತೀರ್ಮಾನ ನಿಲ್ಲುವುದಿಲ್ಲ, ಯಾವುದು ನಿಲ್ಲುತ್ತದೆ. ನಾಚಿಕೆ, ಕ್ಷಮಾಪಣೆಗಳ ಮಾತು ಒಂದು ಸಾಲಿಗಿಂತ ಜಾಸ್ತಿ ಬೇಡ. ಪ್ರಕಟಣೆಯ ಕರಡನ್ನು ನೀವೇ ಬರೆದು ಕಳಿಸಿ. ಇದು ತುಂಬಾ ಮುಖ್ಯ. "ಲೇಖಕರ ಕೋರಿಕೆಯ ಮೇರೆಗೆ ಹಿಂಪಡೆಯಲಾಗಿದೆ" ಅಂತ ಒಂದೇ ಸಾಲು ಹಾಕಿ ಬಿಟ್ಟರೆ, ಓದುವವರು ಏನು ಬೇಕಾದರೂ ಊಹಿಸಿಕೊಳ್ಳುತ್ತಾರೆ. ಕೋಡ್‌ನಲ್ಲಿ ಲೇಬಲ್ ಅದಲುಬದಲಾಗಿತ್ತು, ಅದನ್ನು ಲೇಖಕರೇ ಕಂಡುಹಿಡಿದು ತಿಳಿಸಿದರು ಅಂತ ಅದರಲ್ಲಿ ಇರಲೇಬೇಕು. ನಾಳೆ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಓದುವುದು ಆ ಸಾಲುಗಳನ್ನೇ.

ಪೇಪರ್ ವಾಪಸಾದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಹಿಂಪಡೆದ ಪೇಪರ್‌ಗಳನ್ನು ಜನ ಉಲ್ಲೇಖಿಸುತ್ತಲೇ ಇರುತ್ತಾರೆ. ಸುಳ್ಳು ಡೇಟಾ ಅಂತ 2008ರಲ್ಲಿ ಹಿಂಪಡೆದ ಒಂದು ವೈದ್ಯಕೀಯ ಪ್ರಯೋಗದ ಪೇಪರ್ 11 ವರ್ಷದ ನಂತರವೂ ಉಲ್ಲೇಖವಾಗುತ್ತಿತ್ತು. ಆ ಉಲ್ಲೇಖಗಳಲ್ಲಿ 96% ಕಡೆ ಅದು ವಾಪಸಾಗಿದೆ ಎಂಬ ಮಾತೇ ಇರಲಿಲ್ಲ. ಹಳೆಯ ಪಿಡಿಎಫ್ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡವರಿಗೆ ಗೊತ್ತಾಗುವುದಾದರೂ ಹೇಗೆ? ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊದಂಥ ಸಾಫ್ಟ್‌ವೇರ್ ಬಳಸುವವರಿಗೆ 2019ರಿಂದ ಎಚ್ಚರಿಕೆ ಕಾಣಿಸುತ್ತದೆ. ಅದರ ಹಿಂದಿರುವುದು ರಿಟ್ರ್ಯಾಕ್ಷನ್ ವಾಚ್ ಎಂಬ ಜಾಲತಾಣದ ಪಟ್ಟಿ. ಆ ತಾಣವನ್ನು ಇವಾನ್ ಒರಾನ್ಸ್ಕಿ ಮತ್ತು ಆಡಮ್ ಮಾರ್ಕಸ್ ಎಂಬ ಇಬ್ಬರು ಪತ್ರಕರ್ತರು 2010ರಲ್ಲಿ ಶುರುಮಾಡಿದ್ದು. ಆ ಪಟ್ಟಿಯನ್ನು 2023ರಲ್ಲಿ, ಪೇಪರ್‌ಗಳ ಗುರುತಿನ ಸಂಖ್ಯೆ ನೋಡಿಕೊಳ್ಳುವ ಕ್ರಾಸ್‌ರೆಫ್ ಸಂಸ್ಥೆ ಕೊಂಡು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನಿಮ್ಮ ಪ್ರಬಂಧದ ಉಲ್ಲೇಖಗಳನ್ನೂ ಒಮ್ಮೆ ಅದರಲ್ಲಿ ನೋಡಿಬಿಡಿ. ನಿಮ್ಮ ಪೇಪರನ್ನು ಉಲ್ಲೇಖಿಸಿದವರು ಒಂದು ವರ್ಷದಲ್ಲಿ ಎಷ್ಟಿರಬಹುದು, ಐದು, ಹತ್ತು? ಅವರಿಗೆಲ್ಲ ನೀವೇ ಎರಡು ಸಾಲಿನ ಇಮೇಲ್ ಕಳಿಸಿ.

ಪಿಎಚ್‌ಡಿ ಪ್ರಬಂಧದ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಆ ಅಧ್ಯಾಯ ಹಾಳಾಗಿಲ್ಲ. ಸರಿಪಡಿಸಿದ ಫಲಿತಾಂಶದ ಜೊತೆಗೆ, ಮೊದಲು ಏನು ಪ್ರಕಟವಾಗಿತ್ತು, ತಪ್ಪು ಹೇಗೆ ಸಿಕ್ಕಿತು ಎಂಬುದನ್ನೂ ಅದರಲ್ಲಿ ಬರೆಯಿರಿ. ವೈವಾದಲ್ಲಿ (ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ನಿಮಗಿಂತ ಚೆನ್ನಾಗಿ ಅದನ್ನು ಬಲ್ಲವರು ಆ ಕೋಣೆಯಲ್ಲಿ ಇರುವುದಿಲ್ಲ.

ಜರ್ನಲ್‌ನಿಂದ ಉತ್ತರ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಪತ್ರ ಕಳಿಸಿದ ದಿನಾಂಕ ಬರೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ನೆನಪಿಸಿ. ಅಲ್ಲಿಯವರೆಗೆ ಬಯೋಡೇಟಾದಲ್ಲಿ ಆ ಪೇಪರ್ ಎದುರು "ಲೇಖಕರ ಕೋರಿಕೆಯಂತೆ ಹಿಂಪಡೆಯಲಾಗುತ್ತಿದೆ, ಕೋಡ್ ದೋಷ" ಅಂತ ಬರೆಯಿರಿ. ಪತ್ರದ ಕರಡು ಸಿದ್ಧವಾದ ಮೇಲೆ ನನಗೆ ಕಳಿಸಿ. ಹೆಸರು, ಜರ್ನಲ್ ತೆಗೆದು ಕಳಿಸಿದರೂ ಸರಿ, ಓದಿ ಹೇಳುತ್ತೇನೆ.